ಖರಾಬಿನ ಹುಲ್ಲು

ನಮ್ಮ ಮನೆತನದಲ್ಲಿ ಯಾರ ಹೆಸರಿಗೂ ಒಂದು ಗುಂಟೆ ಹೊಲವಿಲ್ಲ. ಗಜೇಂದ್ರಗಡದಲ್ಲಿ ನಾವು ಮಗ್ಗದವರು. ಅಪ್ಪ ಸೀರೆ ನೇಯುತ್ತಿದ್ದರು, ಅವ್ವ ನೂಲಿನ ಕಂಡಿಕೆ ಸುತ್ತುತ್ತಿದ್ದಳು, ಅಣ್ಣಂದಿರಿಬ್ಬರು ಈಗಲೂ ಅದೇ ಕೆಲಸದಲ್ಲಿದ್ದಾರೆ. ನಾನೊಬ್ಬ ಓದಿ ಭೂಮಾಪಕನಾದೆ. ನೌಕರಿಗೆ ಸೇರಿದ ಹೊಸತರಲ್ಲಿ ಅಪ್ಪ ಒಮ್ಮೆ, ‘ಇಷ್ಟ ಮಂದಿ ಹೊಲಾ ಅಳೀತಿ, ನಿನಗ ಆಸೆ ಆಗೂದಿಲ್ಲೇನು?’ ಎಂದು ಕೇಳಿದ್ದರು. ಇಲ್ಲ ಎಂದೆ. ಅದು ಖರೆಯೇ ಆಗಿತ್ತು. ಹೊಲವಿದ್ದವರ ಜಗಳವನ್ನು ದಿನಾ ಹತ್ತಿರದಿಂದ ನೋಡುವವನಿಗೆ ಆ ಆಸೆ ಲಗೂನೆ ಹೋಗಿಬಿಡುತ್ತದೆ.

ರೋಣ, ಗಜೇಂದ್ರಗಡ ಸೀಮೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ಈಚೆಗೆ ನರಗುಂದಕ್ಕೆ ಬಂದಿದ್ದೇನೆ. ಮೊದಲು ಸರಪಳಿ ಎಳೆದು ಅಳೆಯುತ್ತಿದ್ದೆವು. ಈಗ ಕೋಲಿನ ತುದಿಗೆ ಯಂತ್ರ ಸಿಕ್ಕಿಸಿ ನಿಂತರೆ ಸಾಕು, ನಿಂತ ಜಾಗ ಯಾವುದೆಂದು ಅದೇ ಹೇಳುತ್ತದೆ. ಯಂತ್ರ ಬದಲಾದರೂ ನಕ್ಷೆಯ ಮೇಲಿನ ಮಾತುಗಳು ಬದಲಾಗಿಲ್ಲ. ಅವುಗಳಲ್ಲಿ ‘ಖರಾಬು’ ಎಂಬುದೊಂದು. ಒಂದು ಸರ್ವೆ ನಂಬರಿನೊಳಗೆ ಸಾಗುವಳಿಗೆ ಬಾರದ ನೆಲ ಎಷ್ಟಿದೆಯೋ ಅಷ್ಟನ್ನು ಬೇರೆ ತೆಗೆದು ಖರಾಬು ಎಂದು ಬರೆಯುತ್ತೇವೆ. ಹಳ್ಳದ ದಂಡೆ, ಕೊರಕಲು, ಕಲ್ಲು ಎದ್ದ ದಿಬ್ಬ ಇಂಥವು. ಅದಕ್ಕೆ ಕಂದಾಯವಿಲ್ಲ, ಮಾರುವಾಗ ಯಾರೂ ಅದಕ್ಕೆ ಬೆಲೆ ಕಟ್ಟುವುದಿಲ್ಲ. ನಮ್ಮ ಕಡೆಯ ಎರೆ ಹೊಲಗಳು ಕಣ್ಣು ಹಾಯುವಷ್ಟು ದೂರ ಉತ್ತೇ ಇರುತ್ತವೆ. ನರಿ, ಉಡ, ಮೊಲ, ಬುರ್ಲಿ ಹಕ್ಕಿ ಏನಾದರೂ ಉಳಿದಿದ್ದರೆ ಅದು ಈ ಖರಾಬಿನಲ್ಲಿ. ಇದು ನನಗೆ ತಿಳಿಯಲು ಹತ್ತು ವರ್ಷ ಹಿಡಿಯಿತು. ಅದು ತಾನಾಗಿ ಉಳಿದಿರುವುದಿಲ್ಲ ಎಂದು ತಿಳಿಯಲು ಮತ್ತೂ ಹೆಚ್ಚು ವರ್ಷ ಹಿಡಿಯಿತು. ಆ ಎರಡನೆಯದನ್ನು ಕಲಿತದ್ದು ರಾಜೂರಿನ ದಾರಿಯ ಒಂದು ಹಳ್ಳಿಯಲ್ಲಿ.

ಅಲ್ಲಿ ಅಣ್ಣತಮ್ಮಂದಿರಿಬ್ಬರು ಹೊಲ ಪಾಲು ಮಾಡಿಕೊಡಲು ಅರ್ಜಿ ಕೊಟ್ಟಿದ್ದರು. ಶಿವರಾತ್ರಿ ಮುಗಿದಿತ್ತು, ಕಡಲೆ ಕಿತ್ತು ಹೊಲಗಳು ಬರಿದಾಗಿದ್ದವು. ಅಳತೆಗೆ ಅದೇ ಹಂಗಾಮು. ಹದಿನೆಂಟು ಎಕರೆಯ ಸುಮಾರಿನ ಹೊಲ. ನಡುವೆ ಒಂದು ಹಳ್ಳ ಉತ್ತರದಿಂದ ದಕ್ಷಿಣಕ್ಕೆ ಹರಿದು ಹೋಗಿತ್ತು. ಹಳ್ಳದ ಪಾತ್ರ ಸರ್ಕಾರದ್ದು. ಎರಡೂ ಕಡೆಯ ದಂಡೆ ಸೇರಿ ಒಂದು ಎಕರೆ ಹತ್ತು ಗುಂಟೆ ಖರಾಬು, ಅದು ಹೊಲದವರದೇ. ಜಗಳವೇನೂ ಇರಲಿಲ್ಲ. ಅಣ್ಣನಿಗೆ ಅರವತ್ತರ ಹತ್ತಿರ, ಅವರ ಮಕ್ಕಳು ದೊಡ್ಡವರಾಗಿದ್ದರು. ತಮ್ಮ ಹದಿನೈದು ವರ್ಷ ಚಿಕ್ಕವನು, ಮೂರು ಮಕ್ಕಳು ಇನ್ನೂ ಸಾಲಿಗೆ ಹೋಗುತ್ತಿದ್ದವು. ಹಳ್ಳದ ಪಡುವಣ ಅಣ್ಣನಿಗೆ, ಮೂಡಣ ತಮ್ಮನಿಗೆ ಎಂದು ಮನೆಯಲ್ಲೇ ಮಾತಾಗಿತ್ತು. ಖರಾಬೂ ಇಬ್ಬರಿಗೂ ಇಪ್ಪತ್ತೈದು ಇಪ್ಪತ್ತೈದು ಗುಂಟೆ ಬರುತ್ತಿತ್ತು.

ನಾನು ಕೋಲು ಹಿಡಿದು ಹಳ್ಳದ ದಂಡೆಗೆ ಇಳಿದಾಗ ಎದೆಯುದ್ದ ಒಣ ಹುಲ್ಲಿನೊಳಗಿಂದ ಒಬ್ಬ ಹೆಂಗಸು ಎದ್ದು ನಿಂತಳು. ಐವತ್ತೈದರ ಮೇಲಿನ ವಯಸ್ಸು. ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದಳು, ಕೈಯಲ್ಲಿ ಕುಡಗೋಲು.

‘ಸಾಹೇಬ್ರ, ಅಲ್ಲೆ ನಿಂದರಬ್ಯಾಡ್ರಿ. ಬಲಕ್ಕ ಸರೀರಿ.’

‘ಯಾಕಬೇ?’

‘ಕಾಲ ಕೆಳಗ ನರಿ ಮರಿ ಹಾಕೇತ್ರಿ. ನೀವು ದಿಮ್ಮಂತ ನಿಂತ್ರ ತಾಯಿ ಹೊಳ್ಳಿ ಬರೂದಿಲ್ಲ.’

ನೋಡಿದೆ. ಬಾರಿ ಹಣ್ಣಿನ ಗಿಡದ ಬುಡದಲ್ಲಿ ಬಿಲದ ಬಾಯಿ, ಮುಂದೆ ಹೊಸ ಮಣ್ಣು. ನನಗೆ ಬೇಕಾದ ಬಿಂದು ಅಲ್ಲಿಂದ ಎರಡು ಮಾರು ದೂರ ಇತ್ತು. ಪಕ್ಕದಲ್ಲಿ ನಿಂತು ಅಂತರ ತೆಗೆದುಕೊಂಡೆ, ಲೆಕ್ಕ ಸರಿಹೋಯಿತು. ಆಕೆ ಮತ್ತೆ ಕೂತು ಹುಲ್ಲು ಕೊಯ್ಯತೊಡಗಿದಳು.

ಮಧ್ಯಾಹ್ನ ಬೇವಿನ ನೆರಳಲ್ಲಿ ರೊಟ್ಟಿ ತಿನ್ನುವಾಗ ಆಕೆ ಯಾರೆಂದು ಅಣ್ಣನನ್ನು ಕೇಳಿದೆ.

‘ನಮ್ಮ ಕೂಲಿಯಾಕಿರಿ. ಮದಿವ್ಯಾಗಿ ಊರಿಗೆ ಬಂದಾಗಿಂದ ನಮ್ಮ ಹೊಲಕ್ಕ ಬರತಾಳ. ಹನ್ನೊಂದ ಹೆಣ್ಣಾಳು ಆಕಿ ಮಾತು ಕೇಳತಾವ. ಕಡ್ಲಿ ಕೀಳೂ ಹೊತ್ತಿನ್ಯಾಗ ಆಳಿಗೆ ಎಷ್ಟ ಬಡದಾಟ ಅಂತ ನಿಮಗ ಗೊತ್ತದ. ಆಕಿ ಮದ್ಲ ನಮ್ಮ ಹೊಲಕ್ಕ ಗುಂಪು ತರತಾಳ, ಆಮ್ಯಾಲ ಬ್ಯಾರೇದವರಿಗೆ. ಅದಕ್ಕ ಹಳ್ಳದ ಹುಲ್ಲು ಆಕಿದು.’

‘ಎಷ್ಟು ವರ್ಷದಿಂದ?’

‘ನಮ್ಮಪ್ಪ ಇದ್ದಾಗಿಂದ.’

ಆಕೆಯೂ ಸ್ವಲ್ಪ ದೂರದಲ್ಲಿ ಕೂತು ಬುತ್ತಿ ಬಿಚ್ಚಿದ್ದಳು. ನನ್ನ ಸಹಾಯಕ ಸುಮ್ಮನೆ ಹೊತ್ತು ಕಳೆಯಲು, ಇಷ್ಟು ಹುಲ್ಲು ಬಿಟ್ಟಿದ್ದೀಯಲ್ಲ, ಒಂದೇ ಸಲ ಯಾಕೆ ಕೊಯ್ಯುವುದಿಲ್ಲ ಎಂದು ಕೇಳಿದ. ಆಕೆ ಬೆರಳು ತೋರಿಸಿ ಹೇಳಿದಳು. ದಂಡೆಯನ್ನು ಮೂರು ತುಂಡು ಮಾಡಿಕೊಂಡಿದ್ದಳು. ಒಂದು ತುಂಡನ್ನು ಶ್ರಾವಣದಲ್ಲಿ ಹಸಿ ಇದ್ದಾಗಲೇ ಕೊಯ್ಯುತ್ತಿದ್ದಳು, ಎಮ್ಮೆಗೆ. ಇನ್ನೊಂದನ್ನು ಬೀಜ ಉದುರಿದ ಮೇಲೆ. ಮೂರನೆಯದಕ್ಕೆ ಆ ವರ್ಷ ಕೈ ಹಚ್ಚುತ್ತಿರಲಿಲ್ಲ. ಮುಂದಿನ ವರ್ಷ ಸರದಿ ಬದಲು. ಆಡುಗಳನ್ನು ಒಳಗೆ ಬಿಡುತ್ತಿರಲಿಲ್ಲ, ಜಾಲಿಯ ಕಾಯಿ ಆರಿಸಿ ಹೊರಗೆ ಒಯ್ದು ಅವಕ್ಕೆ ಹಾಕುತ್ತಿದ್ದಳು. ಬಳ್ಳಾರಿ ಜಾಲಿಯ ಸಸಿ ಎದ್ದರೆ ಗೇಣುದ್ದ ಇದ್ದಾಗಲೇ ಬೇರುಸಹಿತ ಕಿತ್ತು ಹಾಕುತ್ತಿದ್ದಳು. ಬೇಸಗೆಯಲ್ಲಿ ಹೊಲದವರು ಬದುವಿನ ಕಸಕ್ಕೆ ಬೆಂಕಿ ಇಡುವ ದಿನ ಬಂದು, ದಂಡೆಯ ಅಂಚಿಗೆ ನಾಲ್ಕು ಮೊಳ ಅಗಲ ಕೆತ್ತಿ ಕಾಯುತ್ತಿದ್ದಳು.

‘ಇದೆಲ್ಲಾ ಯಾರು ಹೇಳಿಕೊಟ್ರು?’ ಎಂದ ಸಹಾಯಕ.

‘ಯಾರ ಹೇಳತಾರ್ರಿ? ಒಂದ ವರ್ಷ ಎಲ್ಲಾ ಕೊಯ್ದಿದ್ದೆ. ಮರುವರ್ಷ ಬರೇ ಗಟ್ಟಿ ಕಡ್ಡಿ ಎದ್ದಿತ್ತು, ಎಮ್ಮಿ ಮೂಸಲಿಲ್ಲ.’

ಅಳತೆ ಸಂಜೆಗೆ ಮುಗಿಯಿತು. ಬಾಂದಕಲ್ಲು ನೆಟ್ಟೆವು. ಅಣ್ಣತಮ್ಮಂದಿರು ಸಹಿ ಮಾಡಿದರು, ಬಾಜೂ ಹೊಲದವರು ಸಾಕ್ಷಿ ಹಾಕಿದರು. ನಮ್ಮ ಕಾಗದದಲ್ಲಿ ಒಡೆಯನಿಗೆ ಒಂದು ಅಂಕಣವಿದೆ, ಸಾಗುವಳಿ ಮಾಡುವವನಿಗೆ ಒಂದಿದೆ, ಗಿಡಮರಕ್ಕೂ ಒಂದಿದೆ. ಹುಲ್ಲು ಕೊಯ್ಯುವವರಿಗೆ ಅಂಕಣವಿಲ್ಲ. ಆ ದಿನ ಇದು ನನ್ನ ಮನಸ್ಸಿಗೂ ಬರಲಿಲ್ಲ. ಮೋಟರ್ ಸೈಕಲ್ ಹತ್ತಿ ಊರಿಗೆ ಬಂದೆ.

ಒಂದೂವರೆ ವರ್ಷದ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಅಳತೆಗೆ ಹೋಗುವಾಗ ಆ ತಮ್ಮ ತನ್ನ ಹೊಲದಲ್ಲಿ ಕಂಡ. ಕೈ ಮಾಡಿ ಕರೆದ. ಗೋವಿನಜೋಳ ಆಳೆತ್ತರ ಬೆಳೆದಿತ್ತು. ಹೋಗಿ ನೋಡಿದರೆ ಅವನ ಕಡೆಯ ದಂಡೆ ಇರಲಿಲ್ಲ. ಜೆಸಿಬಿ ತರಿಸಿ, ಗಿಡ ಕಿತ್ತು, ದಿಬ್ಬ ಕಡಿದು ಹಳ್ಳದ ಕಡೆಗೆ ದೂಡಿ ಸಮ ಮಾಡಿಸಿದ್ದ. ಹಳ್ಳ ಕಾಲುವೆಯಷ್ಟೇ ಆಗಿ ಅಣ್ಣನ ಕಡೆಗೆ ಒತ್ತಿಕೊಂಡು ಹರಿಯುತ್ತಿತ್ತು. ಸಮ ಮಾಡಿದ ನೆಲದಲ್ಲಿಯೇ ಜೋಳ ಎಲ್ಲಕ್ಕಿಂತ ಹುಲುಸಾಗಿತ್ತು.

‘ಖರಾಬು ಅಂತ ಬರದಿದ್ರಿ ನೀವು. ನೋಡ್ರಿ ಈಗ,’ ಎಂದ. ಅವನ ದನಿಯಲ್ಲಿ ಕೊಂಕು ಇರಲಿಲ್ಲ, ಸಂತೋಷವಿತ್ತು.

‘ಆಕೆ ಎಲ್ಲಿ ಹೋದಳು, ಹುಲ್ಲಿನಾಕೆ?’

‘ಅಣ್ಣನ ಕಡೆ ಕೊಯ್ಕೋ ಅಂತ ಹೇಳೀನ್ರಿ. ನಾ ಬ್ಯಾಡ ಅಂದಿಲ್ಲ. ಆದ್ರ ನನಗ ಒಂಬತ್ತ ಎಕರೆ. ಅದರಾಗ ಇಪ್ಪತ್ತೈದ ಗುಂಟೆ ನರೀಗೆ ಬಿಟ್ರ ನನ್ನ ಮಕ್ಕಳು ಏನ ತಿಂತಾವ? ಮದ್ಲ ಎಲ್ಲಾ ಕೂಡಿದ್ವಿ, ಯಾರದು ಅನ್ನೂದು ಇರಲಿಲ್ಲ. ನೀವು ಕಲ್ಲ ಹಾಕಿದ ಮ್ಯಾಲ ಇದು ನಂದು ಅಂತ ಗೊತ್ತಾತು.’

ಅವನು ಹೇಳಿದ್ದು ತಪ್ಪಲ್ಲ. ಅವನು ಸ್ವತಃ ದುಡಿಯುವವನು, ಹೆಂಡತಿಯೂ ಅವನೊಂದಿಗೆ ದುಡಿಯುತ್ತಿದ್ದಳು. ನಾಲ್ಕು ತೆನೆ ಮುರಿದು ನನ್ನ ಗಾಡಿಯ ಚೀಲಕ್ಕೆ ಹಾಕಿದ. ಬೇಡ ಎನ್ನಲಿಲ್ಲ. ಆಚೆ ದಂಡೆಯಲ್ಲಿ ಅಣ್ಣನ ಪಾಲಿನ ಹುಲ್ಲು ಹಾಗೇ ನಿಂತಿತ್ತು. ಅಣ್ಣ ಬದುವಿನ ಮೇಲೆ ಸಿಕ್ಕರು. ‘ನಾ ತಮ್ಮನಂಗ ಕೆಡಿಸಿಲ್ರಿ, ಒಂದ ಕಡ್ಡಿ ಮುಟ್ಟಿಲ್ಲ,’ ಎಂದರು. ಒಳ್ಳೆಯದು ಎಂದು ನಾನೂ ಹೇಳಿದೆ. ಇಬ್ಬರಲ್ಲಿ ಒಬ್ಬ ಕಳೆದ, ಒಬ್ಬ ಉಳಿಸಿದ ಎಂದುಕೊಂಡು ಮುಂದೆ ಹೋದೆ.

ಮತ್ತೆ ಮೂರು ವರ್ಷ ಆ ಹೊಲದ ನೆನಪಾಗಲಿಲ್ಲ. ಆಮೇಲೆ ಅಣ್ಣನಿಂದ ಹೊಲದ ಹದ್ದು ಗುರುತಿಸಿಕೊಡಲು ಅರ್ಜಿ ಬಂತು. ತಮ್ಮ ದೂಡಿದ ಮಣ್ಣಿನಿಂದ ಹಳ್ಳ ಕಿರಿದಾಗಿ, ದೊಡ್ಡ ಮಳೆಗೆ ನೀರು ಇವರ ದಂಡೆಯನ್ನು ಕೊರೆಯುತ್ತಿತ್ತು. ಎಲ್ಲಿಯತನಕ ತನ್ನದು ಎಂದು ಗೊತ್ತಾಗಬೇಕಿತ್ತು ಅವರಿಗೆ. ಹೋದೆ.

ದಂಡೆಗೆ ಇಳಿಯಲು ದಾರಿಯೇ ಇರಲಿಲ್ಲ. ಬಳ್ಳಾರಿ ಜಾಲಿ ತಲೆಗಿಂತ ಎತ್ತರ ಬೆಳೆದು ಒಂದಕ್ಕೊಂದು ಹೆಣೆದುಕೊಂಡಿತ್ತು. ಅಂಚಿಗೆಲ್ಲ ಕಾಂಗ್ರೆಸ್ ಕಸ. ಹುಲ್ಲು ಅಲ್ಲಲ್ಲಿ ಒಣ ಗುಪ್ಪೆಗಳಾಗಿ ಉಳಿದಿತ್ತು. ಒಂದು ಬನ್ನಿ ಮರ ಅರ್ಧ ಸುಟ್ಟು ನಿಂತಿತ್ತು. ಹಿಂದಿನ ಬೇಸಗೆ ಪಕ್ಕದ ಹೊಲದ ಕಸಕ್ಕೆ ಇಟ್ಟ ಬೆಂಕಿ ಒಳಗೆ ಹೊಕ್ಕಿತ್ತಂತೆ. ಕಾಡುಹಂದಿಗಳು ಜಾಲಿಯೊಳಗೆ ಸೇರಿಕೊಂಡಿದ್ದವು, ಅಣ್ಣನ ಶೇಂಗಾವನ್ನು ಉತ್ತಂತೆ ತೋಡಿ ಹಾಕಿದ್ದವು.

‘ನೀವು ಮುಟ್ಟಿಲ್ಲ ಅಂದಿದ್ರಲ್ರಿ ಯಜಮಾನ್ರ,’ ಎಂದೆ.

‘ಮುಟ್ಟಿಲ್ರಿ. ಅದಕ್ಕ ಹಿಂಗಾಗೇತಿ.’

ಕೇಳಿದಾಗ ಒಂದೊಂದಾಗಿ ಹೇಳಿದರು. ಪಾಲಾದ ಮರುವರ್ಷವೇ ಅವರ ಮಗ ಕಡಲೆಗೆ ಕೊಯ್ಯುವ ಯಂತ್ರ ತರಿಸಿದ. ಎತ್ತರ ಬೆಳೆಯುವ ಹೊಸ ತಳಿ ಹಾಕಿದರೆ ಯಂತ್ರವೇ ಕೊಯ್ದು, ಒಕ್ಕಿ, ಚೀಲಕ್ಕೆ ಸುರಿಯುತ್ತದೆ. ಕಸ ತೆಗೆಯುವ ಬದಲು ಕಸ ಸಾಯಿಸುವ ಎಣ್ಣೆ ಹೊಡೆಸಿದರು. ಹನ್ನೊಂದು ಜನರ ಗುಂಪು ಬೇಕಾಗಲಿಲ್ಲ. ಹುಲ್ಲಿಗೆ ಬರಬೇಡ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಆಕೆಯೇ ಬರುವುದು ಬಿಟ್ಟಳು.

ಆ ದಿನ ಅಳತೆ ಮುಗಿಸಿ ಅವರ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದೆ. ಅಣ್ಣ ಆಕೆಗೆ ಹೇಳಿ ಕಳಿಸಿದರು. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಕೆರೆಯ ಹೂಳು ಎತ್ತಲು ಹೋಗಿದ್ದವಳು ಸಂಜೆ ಹೊತ್ತಿಗೆ ಬಂದಳು. ಮೈಯೆಲ್ಲ ಮಣ್ಣು. ಕಟ್ಟೆಯ ಕೆಳಗೆ ನಿಂತಳು. ಅಣ್ಣನ ಹೆಂಡತಿ ಒಳಗಿಂದ ನೀರು ತಂದುಕೊಟ್ಟು, ‘ಮ್ಯಾಲ ಕುಂದರಬಾ ಅಕ್ಕಾ,’ ಎಂದಳು. ಕೂತಳು.

‘ನೀ ಯಾಕ ಹೊಲದ ಕಡೆ ಬರೂದ ಬಿಟ್ಟಿ?’ ಎಂದರು ಅಣ್ಣ.

‘ಕರೀಲಾರದ ಹೊಲಕ್ಕ ಹ್ಯಾಂಗ ಬರೂದ್ರಿ ಅಣ್ಣಾರ? ಕಡ್ಲಿ ಕೀಳಾಕ ಕರೀತಿದ್ರಿ, ಹುಲ್ಲಿಗೆ ಬರತಿದ್ದೆ. ಈಗ ಬಂದು ಹುಲ್ಲ ಕೊಯ್ದ್ರ ಕಳವು ಮಾಡಿದಂಗ ಆಗತಿತ್ತು.’

‘ಕಳವು ಅಂತ ಯಾರಂದ್ರು?’

‘ಯಾರೂ ಅಂದಿಲ್ರಿ. ನನಗ ಅನಿಸ್ತು.’

ಆಮೇಲೆ ಅಣ್ಣ, ಜಾಲಿ ಕೀಳಿಸಬೇಕಾಗಿದೆ, ಕೂಲಿ ಕೊಡುತ್ತೇನೆ, ಗುಂಪು ತೆಗೆದುಕೊಂಡು ಬಾ ಎಂದರು. ಜೆಸಿಬಿ ತಂದರೆ ದಂಡೆಯ ಮಣ್ಣು ಸಡಿಲಾಗಿ ಮಳೆಗೆ ಹಳ್ಳ ಪೂರ್ತಿ ಒಳಗೆ ಬರುತ್ತದೆಂಬ ಹೆದರಿಕೆ ಅವರಿಗಿತ್ತು. ಕೈಯಿಂದಲೇ, ಒಂದೊಂದಾಗಿ ಆಗಬೇಕಿತ್ತು.

ಆಕೆ ಕಾಲಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದು ಹೇಳಿದಳು:

‘ಕೂಲಿಗೆ ಬರಂಗಿಲ್ರಿ. ಈ ಬ್ಯಾಸಗಿ ಜಾಲಿ ಕಿತ್ತ್ರ ಮುಂದಿನ ಬ್ಯಾಸಗೀಗೆ ಮತ್ತ ಚಿಗೀತೈತಿ. ಎರಡು ಮೂರು ವರ್ಷ ಬೆನ್ನು ಹತ್ತಬೇಕು. ಅಷ್ಟೊತ್ತಿಗೆ ಅದು ಚಲೋ ನೆಲ ಆಗತೈತಿ. ಚಲೋ ನೆಲ ಆದ ಮ್ಯಾಲ ನಿಮ್ಮ ಮಗ ಅದರಾಗ ಟ್ರ್ಯಾಕ್ಟರ್ ಹೊಡೀತಾನ. ನಾ ಯಾರ ಸಲುವಾಗಿ ಕೀಳ್ಲಿ?’

‘ಮತ್ತೇನ ಮಾಡಬೇಕಂತಿ?’

‘ಹುಲ್ಲು ನಂದು ಅಂತ ಕಾಗದ ಬರಕೊಡ್ರಿ. ನಾ ಕೊಯ್ಯೂ ತನಕ. ನೆಲ ಬ್ಯಾಡ ನನಗ, ಹುಲ್ಲು ಸಾಕು. ಈ ಸಾಹೇಬ್ರು ಇಲ್ಲೇ ಅದಾರ, ಬರೀತಾರ.’

ಅಣ್ಣ ಚಹಾದ ಬಟ್ಟಲು ಕೆಳಗಿಟ್ಟರು. ಅವರ ಮುಖ ಸಿಟ್ಟಾದಂತೆ ಕಾಣಲಿಲ್ಲ. ಹೆದರಿದಂತೆ ಕಂಡಿತು. ನನ್ನ ಕಡೆ ತಿರುಗಿ ಹೇಳಿದರು:

‘ಸಾಹೇಬ್ರ, ಈ ಹೊಲ ಮದ್ಲ ನಮ್ಮಪ್ಪಂದಲ್ರಿ. ನಮ್ಮಪ್ಪ ಇದನ್ನ ಲಾವಣಿ, ಅಂದ್ರ ಗೇಣಿ ಮಾಡತಿದ್ದ. ಒಡೆಯರು ರೋಣದಾಗ ಇರತಿದ್ರು, ವರ್ಷಕ್ಕೊಮ್ಮೆ ಬರತಿದ್ರು. ಉಳುವವನೇ ಒಡೆಯ ಅನ್ನೂ ಕಾಯ್ದೆ ಬಂದಾಗ ನಮ್ಮಪ್ಪ ಏಳನೇ ನಮೂನಿ ತುಂಬಿ ಕೊಟ್ಟ. ಸಾಕ್ಷಿಗೆ ಇದ್ದದ್ದು ಒಡೆಯರೇ ಬರದುಕೊಟ್ಟ ಒಂದು ಚೀಟಿ. ಅದೊಂದ ಚೀಟಿ ಮ್ಯಾಲ ಹದಿನೆಂಟ ಎಕರೆ ನಮ್ಮದಾತು. ಕಾಗದ ಅಂದ್ರ ಏನು ಅಂತ ನಮಗ ಗೊತ್ತದರಿ. ಕಾಗದ ಒಂದ ಕೊಡಾಕ ಆಗೂದಿಲ್ಲ.’

ಈಗ ಅಂಥ ಕಾಯ್ದೆಯ ಭಯವಿಲ್ಲ, ಅರ್ಜಿ ಹಾಕುವ ಕಾಲ ಮುಗಿದು ಬಹಳ ವರ್ಷವಾಯಿತು ಎಂದು ನಾನು ಹೇಳಬಹುದಿತ್ತು. ಹೇಳಿದೆ ಕೂಡ. ಅವರು ತಲೆಯಾಡಿಸಿದರು, ಆದರೆ ಒಪ್ಪಲಿಲ್ಲ. ದುಡಿದವನ ಕೈಗೆ ನೆಲ ಹೋಗುವುದನ್ನು ಸ್ವಂತ ಮನೆಯಲ್ಲಿ ಕಂಡವರಿಗೆ ನನ್ನ ಮಾತು ಎಷ್ಟರದು?

ಆಕೆಗೆ ಬೇಸರವಾದಂತೆ ಕಾಣಲಿಲ್ಲ. ಇದನ್ನು ಮೊದಲೇ ಎಣಿಸಿದ್ದಳೋ ಏನೋ.

‘ಹಂಗಾದ್ರ ಕಲ್ಲ ಹಾಕಿಸ್ರಿ,’ ಎಂದಳು. ‘ನನಗೂ ಓದಾಕ ಬರೂದಿಲ್ಲ. ಇಲ್ಲಿ ತನಕ ಹೊಲ, ಇಲ್ಲಿಂದ ಹುಲ್ಲು ಅಂತ ನಾಕ ಮಂದಿ ಮುಂದ ಕಲ್ಲ ಹಾಕಿಸ್ರಿ. ನಿಮ್ಮ ಮಗಾನೂ ನಿಂತು ನೋಡಲಿ. ಕಲ್ಲ ಕಿತ್ತ ದಿನ ನಾ ಬಿಡತೀನಿ.’

‘ಮತ್ತ?’

‘ಹುಲ್ಲಿನ ಬಾಜೂಕ ಆರ ಸಾಲು ಎಣ್ಣಿ ಹೊಡಿಸಬ್ಯಾಡ್ರಿ. ಅದರ ಕಸ ನಾವು ತಗೀತೀವಿ, ಅದಕ್ಕ ಕೂಲಿ ಕೊಡ್ರಿ.’

ಅಣ್ಣ ಹೆಂಡತಿಯ ಕಡೆ ನೋಡಿದರು. ಆಕೆ ಬಾಗಿಲಲ್ಲಿ ನಿಂತಿದ್ದಳು. ‘ಹೂಂ ಅನ್ರಿ. ಹಂದಿ ಕಾಲಾಗ ಶೇಂಗಾ ಮನೀಗೆ ಬಂದು ಎರಡು ವರ್ಷಾತು,’ ಎಂದಳು. ಅಣ್ಣ ಹೂಂ ಎಂದರು. ಮಗ ಮನೆಯಲ್ಲಿರಲಿಲ್ಲ. ಅವನನ್ನು ಒಪ್ಪಿಸಲು ನಾಲ್ಕು ದಿನ ಹಿಡಿಯಿತೆಂದು ಆಮೇಲೆ ತಿಳಿಯಿತು.

ಖರಾಬಿನ ಅಂಚಿಗೆ ಕಲ್ಲು ನೆಡುವ ಪದ್ಧತಿ ನಮ್ಮಲ್ಲಿಲ್ಲ. ಒಡೆತನ ಬದಲಾಗುವಲ್ಲಿ ಕಲ್ಲು ನೆಡುತ್ತೇವೆ, ಅಲ್ಲಿ ಒಡೆತನ ಬದಲಾಗುತ್ತಿರಲಿಲ್ಲ. ಕಚೇರಿಯ ಕೆಲಸವಾಗಿ ಅದನ್ನು ಮಾಡುವಂತಿರಲಿಲ್ಲ. ಒಂದು ರವಿವಾರ ಸ್ವಂತ ಟೇಪು ತೆಗೆದುಕೊಂಡು ಹೋದೆ. ಯಾಕೆ ಹೋದೆನೆಂದು ಹೆಂಡತಿ ಕೇಳಿದಳು. ತಮ್ಮನ ಮಾತು, ಕಲ್ಲು ಹಾಕಿದ ಮೇಲೆ ನಂದು ಅಂತ ಗೊತ್ತಾಯಿತು ಎಂದದ್ದು, ನಡುನಡುವೆ ನೆನಪಾಗುತ್ತಿತ್ತು. ಅಷ್ಟೇ ಇರಬಹುದು.

ಹಳೆಯ ನಕ್ಷೆಯಲ್ಲಿ ಖರಾಬಿನ ಗೆರೆ ಇತ್ತು. ಅದೇ ಗೆರೆಗೆ ಏಳು ಕಲ್ಲು ನೆಟ್ಟೆವು. ಕಲ್ಲನ್ನು ಅಣ್ಣನ ಮಗನೇ ಟ್ರ್ಯಾಕ್ಟರಿನಲ್ಲಿ ತಂದು ಇಳಿಸಿದ, ಮುಖ ಗಂಟಿಕ್ಕಿಕೊಂಡೇ. ತಮ್ಮ ಆಚೆ ದಂಡೆಯಿಂದ ನೋಡುತ್ತಿದ್ದ. ಊರಿನ ಹಿರಿಯರಿಬ್ಬರು ಬಂದಿದ್ದರು. ಆಕೆ ಪ್ರತಿ ಕಲ್ಲಿನ ಹತ್ತಿರ ನಿಂತು, ಅಲ್ಲಿಂದ ಮುಂದಿನ ಕಲ್ಲು ಕಾಣುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿಯೇ ಮಣ್ಣು ತುಂಬಲು ಬಿಡುತ್ತಿದ್ದಳು. ಒಂದು ಕಡೆ ಕಾಣಲಿಲ್ಲ. ಒಂದು ಮಾರು ಒಳಗೆ ಸರಿಸಿ ಎಂದಳು. ಒಳಗೆ ಎಂದರೆ ಆಕೆಯ ಹುಲ್ಲೇ ಕಡಿಮೆಯಾಗುತ್ತಿತ್ತು.

‘ನಿನಗ ಲುಕ್ಸಾನ ಬೇ,’ ಎಂದೆ.

‘ಆಗ್ಲಿರಿ. ಕಾಣಬೇಕು.’

ಮುಂದಿನದನ್ನು ನಾನು ಪೂರ್ತಿ ಕಣ್ಣಾರೆ ಕಂಡಿಲ್ಲ. ಹೋಗಿ ಬರುವಾಗ ನೋಡಿದ್ದು, ಅವರು ಹೇಳಿದ್ದು ಸೇರಿಸಿ ಹೇಳುತ್ತಿದ್ದೇನೆ. ಗುಂಪಿನ ಹನ್ನೊಂದು ಜನರಲ್ಲಿ ಆರು ಮಂದಿ ಉಳಿದಿದ್ದರು. ಅವರು ಎರಡು ಬೇಸಗೆ ಜಾಲಿ ಕಿತ್ತರು. ಮುಳ್ಳು ಚುಚ್ಚಿ ಒಬ್ಬಳ ಕಾಲು ಬಾತು ದವಾಖಾನೆಗೆ ಹೋಗಬೇಕಾಯಿತು. ಕಿತ್ತ ಕಟ್ಟಿಗೆಯನ್ನು ಆರು ಮನೆಗೆ ಹಂಚಿಕೊಂಡರು. ಬೇರು ತೆಗೆದ ಕುಣಿಗಳಲ್ಲಿ ಬೇರೆ ಕಡೆಯಿಂದ ತಂದ ಹುಲ್ಲಿನ ಬೀಜ ಚೆಲ್ಲಿದರು. ಮೊದಲ ಮಳೆಗೆ ಅರ್ಧ ಕೊಚ್ಚಿಕೊಂಡು ಹೋಯಿತು, ಮತ್ತೆ ಚೆಲ್ಲಿದರು. ದಂಡೆ ಕೊರೆಯುವಲ್ಲಿ ಲಕ್ಕಿ ಗಿಡದ ಕಡ್ಡಿ ಒತ್ತೊತ್ತಾಗಿ ಊರಿದರು. ಹಂದಿಗಳು ಬೇರೆಲ್ಲೋ ಹೋದವು. ಯಾರ ಹೊಲಕ್ಕೆ ಹೋದವೆಂದು ನಾನು ಕೇಳಲಿಲ್ಲ.

ಮೂರನೆಯ ವರ್ಷ ದೀಪಾವಳಿಯ ಸುಮಾರಿಗೆ ಹೋದಾಗ ಹುಲ್ಲು ಸೊಂಟದ ಮಟ್ಟಕ್ಕೆ ಇತ್ತು. ಬುರ್ಲಿಗಳು ಕಾಲಬುಡದಿಂದ ಭರ್ರನೆ ಎದ್ದವು. ನರಿ ಬಂದಿದೆಯೇ ಎಂದು ಕೇಳಿದೆ.

‘ಇಲ್ರಿ. ಇನ್ನ ಬರೂದಿಲ್ಲ ಅನಸತೈತಿ. ಆಚೀ ದಂಡಿ ಇದ್ದಾಗ ಅತ್ತಿತ್ತ ಓಡಾಡಕೊಂಡು ಇರತಿತ್ತು. ಒಂದ ಕಡೆ ದಂಡಿ ಸಾಲೂದಿಲ್ಲ ಅದಕ್ಕ.’

ತಮ್ಮನ ಹೊಲ ಚೆನ್ನಾಗಿಯೇ ಇತ್ತು. ಅವನಿಗೇನೂ ಕೆಡುಕಾಗಲಿಲ್ಲ. ದೊಡ್ಡ ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಆ ವರ್ಷ ಅವನು ಒಂದು ಹಾಲಿನ ಎಮ್ಮೆ ಕಟ್ಟಿದ್ದ, ಹೆಂಡತಿ ಈ ಕಡೆಗೆ ಬಂದು ಹುಲ್ಲಿನಾಕೆಯ ಹತ್ತಿರ ಎರಡು ಹೊರೆ ಹುಲ್ಲು ಕೇಳಿ ಒಯ್ದಿದ್ದಳು. ಬದಲಿಗೆ ಏನು ಕೊಟ್ಟಳು ಎಂದು ಹುಲ್ಲಿನಾಕೆಯನ್ನು ಕೇಳಿದರೆ, ‘ಕಸಾ ತಗ್ಯಾಕ ಎರಡ ದಿವಸ ಬಂದಿದ್ಲು,’ ಎಂದಳು. ಹೊಲದ ಒಡತಿ ಕೂಲಿಯವಳ ಜೊತೆ ಅಣ್ಣನ ಆರು ಸಾಲಿನಲ್ಲಿ ಕೂತು ಕಸ ತೆಗೆದಿದ್ದಳು. ಊರಲ್ಲಿ ಇದರ ಬಗ್ಗೆ ಸ್ವಲ್ಪ ದಿನ ಮಾತಾಯಿತಂತೆ.

ಹುಲ್ಲಿನಾಕೆಯ ಸೊಸೆ ಅಂಗನವಾಡಿಯಲ್ಲಿ ಸಹಾಯಕಿ. ಈ ಹುಲ್ಲಿನ ಕೆಲಸಕ್ಕೆ ಬರುವುದಿಲ್ಲ ಎಂದು ಅತ್ತೆಯ ಮುಂದೆಯೇ ಹೇಳಿದಳು. ‘ನಿಂತಲ್ಲೆ ನಿಂತು ಸಂಬಳ ಬರೂ ಕೆಲಸ ಬಿಟ್ಟು ಇದನ್ಯಾರ ಮಾಡತಾರ್ರಿ?’ ಎಂದಳು. ಸೊಸೆಯ ಮಾತು ನ್ಯಾಯವೆಂದೇ ಆಕೆಗೂ ಅನಿಸಿದಂತೆ ಕಂಡಿತು. ಆಕೆ ಕೊಯ್ಯುವಷ್ಟು ದಿನ ಮಾತು ನಡೆಯುತ್ತದೆ. ಆಮೇಲೆ ಅಣ್ಣನ ಮಗ ಏನು ಮಾಡುತ್ತಾನೆಂದು ಯಾರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿರಲಿಕ್ಕಿಲ್ಲ.

ಅಷ್ಟರಲ್ಲಿ ನನಗೆ ನರಗುಂದಕ್ಕೆ ವರ್ಗವಾಯಿತು. ಈ ಕಡೆ ಕಾಲುವೆ ನೀರಿನ ಹೊಲಗಳು ಬಹಳ. ನೀರು ಬಂದಲ್ಲಿ ಬದುಗಳು ಸಣ್ಣವಾಗುತ್ತವೆ, ಖರಾಬಿನೊಳಗೂ ಮೆಣಸಿನಗಿಡ ಇಳಿದಿರುತ್ತದೆ. ನಕ್ಷೆಯಲ್ಲಿ ಮಾತ್ರ ಅದು ಇನ್ನೂ ಖರಾಬು. ಗಜೇಂದ್ರಗಡದ ನಮ್ಮ ಮನೆಯಲ್ಲಿ ಅಣ್ಣಂದಿರು ಹಬ್ಬಕ್ಕೆ ಸೇರಿದಾಗ ನಾನು ಈ ಕಥೆ ಹೇಳಿದೆ. ಹಿರಿಯಣ್ಣ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೇಳಿಸಿಕೊಂಡು, ‘ಅಕಿಗೇನ ಉಳೀತು?’ ಎಂದ. ಹುಲ್ಲು ಎಂದೆ. ಅವನು ನಕ್ಕು ಲಾಳಿ ಎಸೆಯತೊಡಗಿದ.

ಹೋದ ತಿಂಗಳು ಚಿಕ್ಕನರಗುಂದದ ಕಡೆ ಒಂದು ಅಳತೆಗೆ ಹೋಗಿದ್ದೆ. ಹೊಲದವರು ಇನ್ನೂ ಹರೆಯದವರು, ಮರ್ಯಾದಸ್ಥರು. ತಮ್ಮ ನಂಬರಿನಲ್ಲಿ ಖರಾಬು ಎಷ್ಟಿದೆ, ಅದರಲ್ಲಿ ಎಷ್ಟನ್ನು ಸಾಗು ಮಾಡಬಹುದು ಎಂದು ಕೇಳಿದರು. ಹದಿನೆಂಟು ಗುಂಟೆ ಇತ್ತು, ಒಂದು ಹಳೆಯ ಕೊರಕಲಿನ ಪಕ್ಕ. ಲೆಕ್ಕ ಹೇಳಿದೆ. ಹೇಳಿ, ಇಲ್ಲಿ ಹುಲ್ಲು ಯಾರು ಕೊಯ್ಯುತ್ತಾರೆ ಎಂದು ಕೇಳಿದೆ. ಅವರು ಅರ್ಥವಾಗದೆ ನನ್ನ ಮುಖ ನೋಡಿದರು.

‘ಯಾರಿಲ್ರಿ,’ ಎಂದರು. ಆಮೇಲೆ ನೆನಪು ಮಾಡಿಕೊಂಡು, ‘ಒಬ್ಬಾಕಿ ಬರತಿದ್ಲು, ಆಡಿನಾಕಿ. ಈಗ ಕಂಡಿಲ್ಲ ಬಿಡ್ರಿ, ಭಾಳ ದಿನಾತು. ಯಾಕ್ರಿ?’

ಸುಮ್ಮನೆ ಕೇಳಿದೆ ಎಂದೆ. ಸಹಿ ಮಾಡಿಸಿಕೊಂಡು ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟೆ. ಅವರು ಕೊರಕಲಿನ ದಂಡೆಗೆ ಹೋಗಿ ಸ್ವಲ್ಪ ಹೊತ್ತು ನಿಂತು, ಬೆಳೆದಿರುವುದು ಹುಲ್ಲೋ ಜಾಲಿಯೋ ಎಂಬಂತೆ ಒಳಗೆ ನೋಡಿ ಬಂದರು.